ತೀರ್ಥಹಳ್ಳಿಯ ಪಾಲು, ವುಡ್ಲಿಯ ಮನೆ

ಇಂಗ್ಲೆಂಡಿನಲ್ಲಿ ಮನೆ ತಗೊಳ್ಳೋಕೆ ಹೊರಟಿರುವ ನಮ್ಮವರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಊರಲ್ಲಿ ನಿಮ್ಮ ಹೆಸರಲ್ಲಿ ಮನೆ ಇದ್ದರೆ, ಅಥವಾ ಮನೆಯಲ್ಲಿ ಒಂದು ಪಾಲಿದ್ದರೂ ಸರಿ, ಅದನ್ನು ಸಾಲಿಸಿಟರ್‌ಗೆ, ಅಂದರೆ ಮನೆ ಕೊಳ್ಳುವ ಕಾಗದಪತ್ರ ನೋಡಿಕೊಳ್ಳುವ ವಕೀಲರಿಗೆ, ಮೊದಲ ದಿನವೇ ಹೇಳಿ. ನಾನು ಹೇಳಿರಲಿಲ್ಲ. ಮುಚ್ಚಿಡಬೇಕು ಅಂತಲ್ಲ, ತೀರ್ಥಹಳ್ಳಿಯ ಹಂಚಿನ ಮನೆಗೂ ಇಲ್ಲಿನ ತೆರಿಗೆಗೂ ಸಂಬಂಧ ಇದೆ ಅಂತ ತಲೆಗೇ ಬಂದಿರಲಿಲ್ಲ.

ನಾವು ಮನೆ ಕೊಂಡಿದ್ದು 2025ರಲ್ಲಿ, ರೆಡಿಂಗ್ ಪಕ್ಕದ ವುಡ್ಲಿಯಲ್ಲಿ. ಹದಿನಾಲ್ಕೇ ಮನೆಗಳ ಸಣ್ಣ ರಸ್ತೆ, ಕೊನೆಯಲ್ಲಿ ಆಚೆಗೆ ದಾರಿಯಿಲ್ಲ. ಅದಕ್ಕೂ ಮೊದಲು ಎರಡು ವರ್ಷ ಅಲ್ಲೇ ಹತ್ತಿರದ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದೆವು. ಅದು ತುಂಬಾ ಉಪಯೋಗಕ್ಕೆ ಬಂತು. ಯಾವ ರಸ್ತೆಯಲ್ಲಿ ಬೆಳಿಗ್ಗೆ ಎಂಟೂವರೆಗೆ ಶಾಲೆಗೆ ಮಕ್ಕಳನ್ನು ಬಿಡುವ ಕಾರುಗಳು ತುಂಬುತ್ತವೆ, ಯಾವ ಕಡೆ ಲಾಡನ್ ನದಿಯ ನೀರು ಚಳಿಗಾಲದಲ್ಲಿ ಗದ್ದೆಗೆ ಬರುತ್ತದೆ, ಇದೆಲ್ಲ ನಡೆದಾಡಿಯೇ ಗೊತ್ತಾಗಿತ್ತು. ಸರ್ಕಾರದ ವೆಬ್‌ಸೈಟಿನಲ್ಲಿ ಪೋಸ್ಟ್‌ಕೋಡ್ ಹಾಕಿದರೆ ಪ್ರವಾಹದ ಅಪಾಯ ಎಷ್ಟು ಅಂತ ಪುಕ್ಕಟೆ ತೋರಿಸುತ್ತದೆ. ಅದನ್ನೂ ನೋಡಿ, ಕಾಲಲ್ಲೂ ನಡೆದು ನೋಡಿ.

ಮೊದಲು ಇಷ್ಟವಾದ ಮನೆಯನ್ನು ಬಿಟ್ಟಿದ್ದು ಮೂಗಿನಿಂದ. ಒಳಗೆ ಎಲ್ಲಾ ಚೆನ್ನಾಗಿತ್ತು, ಕಾಫಿ ಪುಡಿಯ ಪರಿಮಳವೂ ಇತ್ತು, ಆದರೆ ಹಿಂದಿನ ಕೋಣೆಯ ಬೀರು ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ. ಮಲೆನಾಡಲ್ಲಿ ಬೆಳೆದವರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆಷಾಢದಲ್ಲಿ ನಮ್ಮ ಮನೆ ಕಂಬಳಿ ಪೆಟ್ಟಿಗೆಯ ವಾಸನೆ ಅದು. ಕೋಣೆಯ ಉಳಿದ ಗೋಡೆಗಳ ಬಣ್ಣ ಮಾಸಿತ್ತು, ಆ ಮೂಲೆ ಮಾತ್ರ ಹೊಸದಾಗಿ ಬೆಳ್ಳಗಿತ್ತು. ಹೊರಗೆ ಹೋಗಿ ನೋಡಿದೆ. ಇಲ್ಲಿನ ಹಳೆಯ ಮನೆಗಳಲ್ಲಿ ನೆಲದಡಿ ಗಾಳಿಯಾಡಲಿ ಅಂತ ಗೋಡೆಯ ಬುಡದಲ್ಲಿ ತೂತಿರುವ ಇಟ್ಟಿಗೆ ಇಟ್ಟಿರುತ್ತಾರೆ, ಏರ್‌ಬ್ರಿಕ್ ಅಂತಾರೆ. ಅಂಗಳಕ್ಕೆ ಕಲ್ಲು ಹಾಸುವಾಗ ನೆಲ ಎತ್ತರಿಸಿ ಅದರ ಅರ್ಧ ಭಾಗ ಮುಚ್ಚಿಬಿಟ್ಟಿದ್ದರು. ಹೊರಗಿನ ನೆಲ, ಮನೆಯೊಳಗೆ ತೇವ ಏರದಂತೆ ಗೋಡೆಯಲ್ಲಿ ಹಾಕಿರುವ ಪದರಕ್ಕಿಂತ ಆರು ಇಂಚಾದರೂ ಕೆಳಗಿರಬೇಕು. ಇಲ್ಲಿ ಎರಡೂ ಒಂದೇ ಮಟ್ಟಕ್ಕಿದ್ದವು. ಬೇಡ ಅಂದೆವು.

ಎರಡನೆಯದು ತಾನಾಗಿ ತಪ್ಪಿತು. ಇಂಗ್ಲೆಂಡಿನ ಪದ್ಧತಿ ನಮಗೆ ಹೊಸದು. ನಮ್ಮ ಆಫರ್‌ಗೆ ಮಾರುವವರು ಹೂಂ ಅಂದರೂ ಅದು ಬಾಯಿಮಾತು ಅಷ್ಟೇ. ಎರಡೂ ಕಡೆಯ ಕರಾರುಪತ್ರ ಎಕ್ಸ್‌ಚೇಂಜ್ ಆಗುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಊರಲ್ಲಿ ಅಡ್ವಾನ್ಸ್ ಕೊಟ್ಟು ಕ್ರಯದ ಕರಾರು ಬರೆಸಿಕೊಂಡರೆ ಒಂದು ಧೈರ್ಯ ಇರುತ್ತಲ್ವಾ, ಇಲ್ಲಿ ಆ ಧೈರ್ಯ ತಿಂಗಳುಗಟ್ಟಲೆ ಸಿಗುವುದಿಲ್ಲ. ನಮಗೆ ಮಾರುವವರು ಇನ್ನೊಂದು ಮನೆ ಕೊಳ್ಳಬೇಕಿತ್ತು, ಆ ಮನೆಯವರು ಮತ್ತೊಂದು. ಇದಕ್ಕೆ ಚೈನ್ ಅಂತಾರೆ. ಚೈನಿನ ಮೇಲಿನ ತುದಿಯ ಮನೆಯವರು ಮಾರುವುದಿಲ್ಲ ಅಂದುಬಿಟ್ಟರು, ಕೆಳಗಿದ್ದ ನಾವೆಲ್ಲ ಬಿದ್ದೆವು. ಮನೆಯ ಸ್ಥಿತಿ ನೋಡಿಸುವ ಸರ್ವೆಗೆ, ಜಾಗದ ದಾಖಲೆ ಹುಡುಕಿಸುವ ಸರ್ಚ್‌ಗಳಿಗೆ ಕೊಟ್ಟ ದುಡ್ಡು ಹೋಯಿತು. ಆ ರಾತ್ರಿ ನಾನು ಅತ್ತೆ. ಮಗಳು ತನ್ನ ಕೋಣೆ ಯಾವುದು ಅಂತ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು.

ಮೂರನೆಯದು ಈಗ ನಾವಿರುವ ಮನೆ. 1970ರ ದಶಕದ್ದು, ಮೂರು ಬೆಡ್‌ರೂಮು, ಒಂದು ಬದಿಯ ಗೋಡೆ ಪಕ್ಕದವರಿಗೂ ಸೇರಿದ್ದು. ಫ್ರೀಹೋಲ್ಡ್, ಅಂದರೆ ನೆಲವೂ ನಮ್ಮದೇ. ಈ ಸಲ ಮಾರುವವರಿಗೆ ಬೇರೆ ಮನೆ ಕೊಳ್ಳುವುದಿರಲಿಲ್ಲ, ಅದನ್ನು ಮೊದಲೇ ಕೇಳಿಕೊಂಡೆವು. ಲ್ಯಾಂಡ್ ರಿಜಿಸ್ಟ್ರಿಯಲ್ಲಿ 1995ರಿಂದ ಈಚೆಗೆ ಯಾವ ಮನೆ ಎಷ್ಟಕ್ಕೆ ಹೋಗಿದೆ ಅಂತ ಯಾರು ಬೇಕಾದರೂ ನೋಡಬಹುದು. ಅದೇ ರಸ್ತೆಯ ಮನೆಗಳ ಬೆಲೆ ಬರೆದಿಟ್ಟುಕೊಂಡೇ ಮಾತಾಡಿದ್ದು. 4,40,000 ಪೌಂಡಿಗೆ ಒಪ್ಪಿದರು.

ಮಾತು ಇಲ್ಲಿಗೆ ಬಂದಾಗ ಸಾಲಿಸಿಟರ್ ಕಳಿಸಿದ ಫಾರಂನಲ್ಲಿ ಒಂದು ಪ್ರಶ್ನೆ: ಪ್ರಪಂಚದಲ್ಲಿ ಎಲ್ಲಾದರೂ ನಿಮಗೆ ಮನೆ ಇದೆಯಾ, ಹಿಂದೆ ಇತ್ತಾ?

ಅಪ್ಪ ಹೋದ ಮೇಲೆ ಊರಿನ ಮನೆ ಅಮ್ಮ, ತಂಗಿ ಮತ್ತು ನನ್ನ ಹೆಸರಿಗೆ ಬಂದಿತ್ತು. ಮೂರರಲ್ಲಿ ಒಂದು ಪಾಲು ನನ್ನದು. ಮೊದಲ ಸಲ ಮನೆ ಕೊಳ್ಳುವವರಿಗೆ 2025ರ ಏಪ್ರಿಲ್ ನಂತರದ ದರದಲ್ಲಿ 3,00,000 ಪೌಂಡಿನವರೆಗೆ ಸ್ಟಾಂಪ್ ಡ್ಯೂಟಿ ಇಲ್ಲ. ನಾವು ಕಟ್ಟಬೇಕಾದ ಡ್ಯೂಟಿ 7,000 ಪೌಂಡ್ ಆಗುತ್ತದೆ ಅಂತ ಲೆಕ್ಕ ಹಾಕಿದ್ದೆವು. ಪಿತ್ರಾರ್ಜಿತವಾಗಿ ಬಂದ ಪಾಲಾದರೂ, ಅದು ಬೇರೆ ದೇಶದಲ್ಲಿದ್ದರೂ, ನಾನು ಮೊದಲ ಸಲದವಳಲ್ಲ. ನನ್ನ ಗಂಡನಿಗೆ ಎಲ್ಲೂ ಮನೆ ಇಲ್ಲ, ಆದರೆ ಇಬ್ಬರೂ ಸೇರಿ ಕೊಳ್ಳುವಾಗ ಇಬ್ಬರೂ ಮೊದಲ ಸಲದವರೇ ಆಗಿರಬೇಕು. 7,000 ಹೋಗಿ 12,000 ಆಯಿತು.

ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಎರಡನೇ ಮನೆ ಅಂತ ಲೆಕ್ಕಕ್ಕೆ ಬಂದರೆ ಪೂರ್ತಿ ಬೆಲೆಯ ಮೇಲೆ ಇನ್ನೂ 5 ಪರ್ಸೆಂಟ್, ಅಂದರೆ ನಮಗೆ 22,000 ಪೌಂಡ್. ನಮ್ಮನ್ನು ಉಳಿಸಿದ್ದು ಪಾಲಿನ ಬೆಲೆ. ಬೇರೆ ಮನೆಯಲ್ಲಿ ನಮ್ಮ ಹಕ್ಕಿನ ಬೆಲೆ 40,000 ಪೌಂಡಿಗಿಂತ ಕಡಿಮೆಯಿದ್ದರೆ ಈ ಹೆಚ್ಚುವರಿ ಹಾಕುವುದಿಲ್ಲ. ಅಮ್ಮ ಊರಲ್ಲಿ ಓಡಾಡಿ ಇ-ಸ್ವತ್ತು ನಕಲು, ಬೆಲೆ ಕಟ್ಟಿಸಿದ ಪತ್ರ ತೆಗೆಸಿ, ತಂಗಿ ಸ್ಕ್ಯಾನ್ ಮಾಡಿ ಕಳಿಸಿದಳು. ನನ್ನ ಪಾಲು 20 ಲಕ್ಷ ರೂಪಾಯಿಯ ಸುತ್ತಮುತ್ತ. ಬೆಂಗಳೂರಲ್ಲಿ ಫ್ಲ್ಯಾಟ್ ಇಟ್ಟುಕೊಂಡವರಿಗೆ ಈ ಮಿತಿ ಸುಲಭವಾಗಿ ದಾಟುತ್ತದೆ, ದಯವಿಟ್ಟು ಆಫರ್ ಹಾಕುವ ಮೊದಲೇ ಕೇಳಿಕೊಳ್ಳಿ.

ಮನೆಯ ಕಾಗದಗಳನ್ನೂ ಕೂತು ಓದಿ, ಸಾಲಿಸಿಟರ್ ಇದ್ದಾರಲ್ಲ ಅಂತ ಸುಮ್ನೆ ಬಿಡಬೇಡಿ. ನಮ್ಮ ಪತ್ರದಲ್ಲಿ ಮುಂದಿನ ಅಂಗಳಕ್ಕೆ ಬೇಲಿ ಹಾಕಬಾರದು ಅಂತ ಷರತ್ತಿದೆ. ನಕ್ಷೆಯಲ್ಲಿ ಎಡಗಡೆಯ ಗಡಿಗೆರೆಯ ಮೇಲೆ ಪುಟ್ಟದೊಂದು ಟಿ ಅಕ್ಷರ ನಮ್ಮ ಜಾಗದ ಕಡೆಗಿದೆ, ಅಂದರೆ ಆ ಬೇಲಿ ನೋಡಿಕೊಳ್ಳಬೇಕಾದವರು ನಾವು. ಬಂದ ಮೊದಲ ಚಳಿಗಾಲದ ಗಾಳಿಗೆ ಅದೇ ಬೇಲಿಯ ಎರಡು ಹಲಗೆ ಬಿದ್ದವು. ಪಕ್ಕದ ಮನೆಯ ವಯಸ್ಸಾದ ಹೆಂಗಸು ಬಾಗಿಲು ತಟ್ಟಿ, ಖರ್ಚು ಅರ್ಧರ್ಧ ಹಾಕಿಕೊಳ್ಳೋಣವಾ ಅಂತ ಕೇಳಿದರು. ನಕ್ಷೆ ತೋರಿಸಿ, ಬೇಡ, ಇದು ನಮ್ಮದು ಅಂದೆ. ಅವತ್ತಿನಿಂದ ಒಳ್ಳೆಯ ಮಾತುಕತೆ ಶುರುವಾಯಿತು. ಕಸದ ಡಬ್ಬ ಯಾವ ವಾರ ಯಾವುದು ಹೊರಗಿಡಬೇಕು ಅಂತ ಮರೆತರೆ ಈಗ ಅವರ ಬಾಗಿಲ ಮುಂದೆ ನೋಡುತ್ತೇನೆ.

ಬೀಗದ ಕೈ ಸಿಕ್ಕಿದ್ದು ಶುಕ್ರವಾರ. ದುಡ್ಡು ಮಾರುವವರ ಸಾಲಿಸಿಟರ್‌ಗೆ ತಲುಪಿದ ಮೇಲೆಯೇ ಬೀಗದ ಕೈ ಕೊಡುತ್ತಾರೆ, ಗಳಿಗೆ ನಮ್ಮ ಕೈಯಲ್ಲಿರುವುದಿಲ್ಲ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ, ಅದು ಕಳೀಲಿ ಕಣೆ ಅಂತ ಅಮ್ಮ ಹೇಳುತ್ತಲೇ ಇದ್ದರು. ಫೋನ್ ಬಂದಿದ್ದು ಹನ್ನೆರಡೂ ಇಪ್ಪತ್ತಕ್ಕೆ. ಖಾಲಿ ಅಡುಗೆಮನೆಯಲ್ಲಿ ಪುಟ್ಟ ಪಾತ್ರೆಯಿಟ್ಟು ಹಾಲು ಉಕ್ಕಿಸಿದೆವು. ವಿಡಿಯೋದಲ್ಲಿ ಅಮ್ಮ ಕಣ್ಣೊರೆಸಿಕೊಂಡರು. ಆಮೇಲೆ, "ಎಲ್ಲಿ, ಹಿಂದಿನ ಕೋಣೆ ಮೂಲೆ ತೋರಿಸು. ಬೂಷ್ಟು ಗೀಷ್ಟು ಇದೆಯಾ ನೋಡ್ತೀನಿ," ಅಂದರು. ಮೊಣಕಾಲೂರಿ ಫೋನನ್ನು ಗೋಡೆಯ ಬುಡಕ್ಕೆ ಹಿಡಿದೆ.