ಮೇಷ್ಟ್ರು ಹಿಂದಿನ ಸೀಟಿನಿಂದ ಇಳಿದ ದಿನ

"ಇವತ್ತು ನಾನು ಕೆಳಗೇ ಇರ್ತೀನಿ. ರೇಡಿಯೋದಲ್ಲಿ ಮಾತಾಡೋಣ" ಅಂದರು ನನಗೆ ಪವರ್ಡ್ ಪ್ಯಾರಾಚೂಟ್ ಹಾರಿಸಲು ಕಲಿಸುತ್ತಿದ್ದ ಮೇಷ್ಟ್ರು. ಅಲ್ಲಿಯವರೆಗೆ ಪ್ರತಿ ಸಲವೂ ಅವರು ನನ್ನ ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದರು. ನಾನು ಹಾರಿಸುತ್ತಿದ್ದೇನೆ ಅಂದುಕೊಂಡಿದ್ದೆ. ಎಷ್ಟು ಸಲ ಅವರ ಕೈ ಸುಮ್ನೆ ಬಂದು ಸರಿ ಮಾಡಿತ್ತೋ ಲೆಕ್ಕ ಇಟ್ಟಿರಲಿಲ್ಲ.

ಪವರ್ಡ್ ಪ್ಯಾರಾಚೂಟ್ ನೋಡದವರಿಗೆ ಒಂದು ಮಾತು. ಮೂರು ಚಕ್ರದ ಗಾಡಿ, ಬೆನ್ನಿಗೆ ಇಂಜಿನ್, ಪ್ರೊಪೆಲ್ಲರ್, ಅದರ ಸುತ್ತ ಬಳೆ. ರೆಕ್ಕೆ ಮಾತ್ರ ಬರೀ ಬಟ್ಟೆ. ನಮ್ಮದು ಎರಡು ಸೀಟಿನ ಗಾಡಿ, ರೆಕ್ಕೆ ಸುಮಾರು 500 ಚದರ ಅಡಿ. ಹೊರಡುವ ಮುಂಚೆ ಅದು ಗಾಡಿಯ ಹಿಂದೆ ಹುಲ್ಲಿನ ಮೇಲೆ ಒಣಗಲು ಹಾಕಿದ ಸೀರೆಯ ಹಾಗೆ ಬಿದ್ದಿರುತ್ತದೆ.

ಎತ್ತರ ಅಂದರೆ ಭಯ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ನನಗೆ ಬೆವರಿಳಿಸಿದ್ದು ನೆಲದ ಮೇಲಿನ ಕೆಲಸ. ಗಾಳಿ ಕಡಿಮೆ ಇರಲಿ ಅಂತ ಬೆಳಿಗ್ಗೆ ಬೇಗ ಹೋಗುತ್ತೇವೆ, ಆದರೆ ಬೇಗ ಹೋದರೆ ಇಬ್ಬನಿ. ಒದ್ದೆ ಬಟ್ಟೆ ಭಾರ, ಏಳುವುದು ನಿಧಾನ. ಅದಕ್ಕೇ ಬಿಸಿಲು ಸ್ವಲ್ಪ ಏರಿ ಹುಲ್ಲು ಆರುವ ತನಕ ಕಾದೆ. ಆಮೇಲೆ ದಾರಗಳು. ಒಂದೊಂದನ್ನೂ ಬೆರಳ ನಡುವೆ ಜಾರಿಸುತ್ತಾ ಗಾಡಿಯಿಂದ ಬಟ್ಟೆಯವರೆಗೆ ನಡೆಯಬೇಕು. ಸಿಕ್ಕು ಇರಬಾರದು, ದಾರ ರೆಕ್ಕೆಯ ಮೇಲಿಂದ ಹಾದಿರಬಾರದು. ಬಲಗಡೆ ಒಂದು ದಾರ ಎರಡಾಗಿ ಕವಲೊಡೆಯುವ ಕಡೆ ಕಿರುಬೆರಳಿನಷ್ಟು ಉದ್ದದ ಕಡ್ಡಿ ಸಿಕ್ಕಿಕೊಂಡಿತ್ತು. ತೆಗೆದು ಜೇಬಿಗೆ ಹಾಕಿಕೊಂಡೆ. ದೂರದಿಂದ ನೋಡಿದ್ದರೆ ಖಂಡಿತ ಕಾಣುತ್ತಿರಲಿಲ್ಲ.

ಈ ರೆಕ್ಕೆಯ ಉಪಾಯ ಸರಳ. ಮುಂದಿನ ಅಂಚಿನಲ್ಲಿ ಬಾಯಿ ತೆರೆದ ಚೀಲಗಳ ಸಾಲು. ಗಾಡಿ ಓಡಿದರೆ ಗಾಳಿ ಒಳಗೆ ನುಗ್ಗುತ್ತದೆ, ಹಿಂದೆ ಹೊಲಿಗೆ ಇರುವುದರಿಂದ ಹೊರಗೆ ಹೋಗಲಾರದೆ ಬಟ್ಟೆ ಉಬ್ಬಿ ರೆಕ್ಕೆಯ ಆಕಾರಕ್ಕೆ ಬರುತ್ತದೆ. 1964ರಲ್ಲಿ ಇದನ್ನು ಕಂಡುಹಿಡಿದ ಡೊಮಿನಾ ಜಾಲ್ಬರ್ಟ್ ಗಾಳಿಪಟ ಮಾಡುತ್ತಿದ್ದ ಮನುಷ್ಯ. ರೆಕ್ಕೆ ಏಳುವುದನ್ನು ಒಮ್ಮೆ ನೋಡಿದರೆ ಇದು ಗಾಳಿಪಟದವನ ತಲೆಗೇ ಹೊಳೆಯುವಂಥದ್ದು ಅನ್ನಿಸುತ್ತದೆ.

ಇಂಜಿನ್ ಬಿಸಿಯಾಯಿತು. ಹೆಲ್ಮೆಟ್, ಬೆಲ್ಟ್, ಎದುರುಗಾಳಿ ಎಲ್ಲ ಸರಿ. ಇಂಜಿನ್‌ಗೆ ಪವರ್ ಕೊಡುವ ಥ್ರಾಟಲ್ ಒತ್ತಿದೆ. ಎಡವಟ್ಟಾಗಿದ್ದು ಅಲ್ಲೇ. ನಿಧಾನವಾಗಿ ಕೊಡಬೇಕಿದ್ದನ್ನು ಅವಸರದಲ್ಲಿ ಜಾಸ್ತಿ ಕೊಟ್ಟೆ. ಗಾಡಿ ಮುಂದೆ ಚಿಮ್ಮಿತು. ಕನ್ನಡಿಯಲ್ಲಿ ನೋಡಿದರೆ ರೆಕ್ಕೆ ತಲೆಯ ಮೇಲೆ ಬರದೆ ಹಿಂದೆಯೇ ಗೋಡೆ ಹಾಗೆ ನಿಂತುಬಿಟ್ಟಿದೆ. ಗಾಡಿ ಎಳೆಯುತ್ತಿದೆ, ಅದು ತಡೆಯುತ್ತಿದೆ.

"ಬಿಡಿ! ಥ್ರಾಟಲ್ ಬಿಡಿ! ಇಂಜಿನ್ ಆಫ್!"

ಆಫ್ ಮಾಡಿದೆ. ರೆಕ್ಕೆ ಉಸಿರು ಬಿಟ್ಟ ಹಾಗೆ ಹಿಂದೆ ಕುಸಿಯಿತು. ಮೇಷ್ಟ್ರು ಬೈಯಲಿಲ್ಲ. ನಡೆದು ಬಂದು ಬಟ್ಟೆಯ ಒಂದು ತುದಿ ಹಿಡಿದುಕೊಂಡು ನಿಂತರು. ಮತ್ತೆ ಹಾಸಬೇಕು, ಮತ್ತೆ ಎಲ್ಲ ದಾರ ನೋಡಬೇಕು. ಇಪ್ಪತ್ತು ನಿಮಿಷ ಹೋಯಿತು. ಬೈದಿದ್ದರೇ ಬೇಗ ಮುಗಿಯುತ್ತಿತ್ತು.

ಎರಡನೇ ಸಲ ಥ್ರಾಟಲ್ ಬೆರಳಷ್ಟು ಬೆರಳಷ್ಟೇ ಸರಿಸಿದೆ. ಬಟ್ಟೆ ಪಟಪಟ ಅಂತ ಬಡಿದು ಮೇಲೆದ್ದಿತು. ತಲೆಯ ಮೇಲೆ ಬರುವಾಗ ಥ್ರಾಟಲ್ ಸ್ವಲ್ಪ ಇಳಿಸಿದೆ, ಇಲ್ಲದಿದ್ದರೆ ಅದು ತೂಗಾಡುತ್ತದೆ. ಕತ್ತೆತ್ತಿ ನೋಡಿದೆ. ನಡುವೆ ಇದೆಯಾ, ಚೀಲಗಳೆಲ್ಲ ತೆರೆದಿವೆಯಾ, ದಾರ ಬಿಡಿಯಾಗಿವೆಯಾ. ಇವು ಮೂರೂ ಸರಿ ಇದ್ದರೆ ಮಾತ್ರ ಪೂರ್ತಿ ಪವರ್. ಒಂದು ತಪ್ಪಿದರೂ ನಿಲ್ಲಿಸಬೇಕು. ಯೋಚಿಸುವುದಕ್ಕೆ ನಾಲ್ಕೈದು ಸೆಕೆಂಡ್ ಸಿಗುತ್ತದೆ ಅಷ್ಟೇ.

ಪವರ್ ಕೊಟ್ಟೆ. ಮೇಷ್ಟ್ರ ತೂಕ ಇಲ್ಲ ಅನ್ನುವುದು ಗಾಡಿಗೆ ನನಗಿಂತ ಮೊದಲೇ ಗೊತ್ತಾಯಿತು. ಅರೆ ಅನ್ನುವಷ್ಟರಲ್ಲಿ ಚಕ್ರದ ಗಡಗಡ ನಿಂತುಹೋಯಿತು. ಪಾದಗಳ ನಡುವೆ ನೆಲ ದೂರ ಹೋಗುತ್ತಿತ್ತು.

ಬೈಕ್ ಓಡಿಸಿದವರ ತಲೆ ಇಲ್ಲಿ ಕೆಡುತ್ತದೆ. ಥ್ರಾಟಲ್ ಕೊಟ್ಟರೆ ಇದು ಜೋರಾಗಿ ಹೋಗುವುದಿಲ್ಲ, ಮೇಲೆ ಹೋಗುತ್ತದೆ. ಇಳಿಸಿದರೆ ಕೆಳಗೆ. ವೇಗ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಗಂಟೆಗೆ 45-50 ಕಿ.ಮೀ. ತಿರುಗಲು ಕಾಲಿನ ಬಾರ್. ಎಡಗಾಲು ಒತ್ತಿದರೆ ರೆಕ್ಕೆಯ ಎಡ ಹಿಂಬದಿ ಅಂಚು ಕೆಳಗೆ ಎಳೆದುಕೊಂಡು, ಆ ಕಡೆ ತಡೆ ಜಾಸ್ತಿಯಾಗಿ, ಗಾಡಿ ಎಡಕ್ಕೆ ಹೊರಳುತ್ತದೆ. ಒತ್ತಿದ ತಕ್ಷಣ ಏನೂ ಆಗುವುದಿಲ್ಲ, ಒಂದು ಕ್ಷಣ ಬಿಟ್ಟು ತಿರುಗುತ್ತದೆ. ಆಗಲಿಲ್ಲ ಅಂತ ಇನ್ನಷ್ಟು ಒತ್ತಿದರೆ ತೊಟ್ಟಿಲು ತೂಗಿದ ಹಾಗೆ ತೂಗುತ್ತದೆ. ಒಮ್ಮೆ ತೂಗಿಸಿಕೊಂಡೆ. ಏನೂ ಮಾಡದೆ ಸುಮ್ಮನಿದ್ದೆ, ತಾನೇ ನಿಂತಿತು.

ಸುಮಾರು 300 ಅಡಿಯಲ್ಲಿ ಮೈದಾನಕ್ಕೆ ಎರಡು ಸುತ್ತು ಹಾಕಿದೆ. ಕಣ್ಣು ಮಾತ್ರ ಇಳಿಯುವ ಜಾಗ ಬಿಟ್ಟು ಹೋಗಲಿಲ್ಲ. ಇಂಜಿನ್ ನಿಂತರೂ ರೆಕ್ಕೆ ಹಾರುತ್ತಲೇ ಇರುತ್ತದೆ, ಆದರೆ ಹೆಚ್ಚು ದೂರ ತೇಲುವುದಿಲ್ಲ.

ಇಳಿಯುವಾಗ ಗಾಳಿಗೆ ಎದುರಾಗಿ ಬಂದೆ. ಥ್ರಾಟಲ್ ಸ್ವಲ್ಪ ಸ್ವಲ್ಪವೇ ಇಳಿಸಿದೆ. ನೆಲ ಎದ್ದು ಬರುತ್ತಿದೆ ಅನ್ನಿಸಿದಾಗ ರೇಡಿಯೋ "ಈಗ" ಅಂದಿತು. ಎರಡೂ ಬಾರ್ ಒಟ್ಟಿಗೆ ಒತ್ತಿದೆ. ರೆಕ್ಕೆ ಬ್ರೇಕ್ ಹಾಕಿದ ಹಾಗೆ ತಡೆದು ನಿಂತಿತು, ಹಿಂದಿನ ಚಕ್ರ ಒಮ್ಮೆ ಪುಟಿದು ಕೂತಿತು. ಇಳಿದ ಖುಷಿಯಲ್ಲಿ ನಗುತ್ತಾ ಕೂತಿದ್ದೆ.

"ಇಂಜಿನ್ ಯಾರು ಆಫ್ ಮಾಡ್ತಾರೆ?"

ಮರೆತಿದ್ದೆ. ರೆಕ್ಕೆ ಬೀಳುವ ಮುಂಚೆ ಪ್ರೊಪೆಲ್ಲರ್ ನಿಂತಿರಬೇಕು, ಇಲ್ಲದಿದ್ದರೆ ದಾರ ಅದಕ್ಕೆ ಸುತ್ತಿಕೊಳ್ಳುತ್ತದೆ. ತಟ್ಟನೆ ಸ್ವಿಚ್ ಒತ್ತಿದೆ. ಬಟ್ಟೆ ಹಿಂದೆ ಹುಲ್ಲಿನ ಮೇಲೆ ಮಡಚಿಕೊಂಡು ಬಿತ್ತು.

ಹಾರಿದ್ದು ಒಂಬತ್ತು ನಿಮಿಷ. ಮೇಷ್ಟ್ರು ಆಗಲೇ ರೆಕ್ಕೆಯ ತುದಿ ಹಿಡಿದಿದ್ದರು. "ಗಾಳಿ ಏಳೋದ್ರೊಳಗೆ ಇನ್ನೊಂದು ಸಲ. ಈ ಸಲ ನಗೋದು ಆಮೇಲೆ."