ಚಂದಾ ಕಟ್ಟೋದಾ, ಕೋರಲ್ ಹಿಡಿದು ಕೂರೋದಾ: ಗದಗಿನ ಡಿಟಿಪಿ ಅಂಗಡಿಯ ಲೆಕ್ಕ

ಗದಗಿಗೆ ಮುದ್ರಣ ಕಾಶಿ ಅಂತ ಹೆಸರು. ಇಲ್ಲಿ ಪ್ರೆಸ್‌ಗಳು ಜಾಸ್ತಿ, ಅವುಗಳಿಗೆ ಡಿಸೈನ್ ಮಾಡಿಕೊಡುವವರೂ ಜಾಸ್ತಿ, ದರ ಮಾತ್ರ ಕಮ್ಮಿ. ನನ್ನದೂ ಅಂಥದೇ ಒಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಬಿಲ್ ಬುಕ್, ಜಾತ್ರೆಯ ಫ್ಲೆಕ್ಸ್, ಬ್ಯಾಡಗಿ ಖಾರದಪುಡಿ ಪಾಕೀಟಿನ ಲೇಬಲ್, ಏನು ಬಂದರೂ ಮಾಡುತ್ತೇವೆ. ಇಂಥ ಅಂಗಡಿಗೆ ಡಿಸೈನ್ ಸಾಫ್ಟ್‌ವೇರ್‌ನ ಚಂದಾ ಹೇಗೆ ಹೊಂದಿಸಿಕೊಂಡೆ ಅಂತ ಬರೆಯುತ್ತಿದ್ದೇನೆ. ಕ್ರ್ಯಾಕ್, ಅಂದರೆ ಕದ್ದ ಕಾಪಿ, ಹಾಕಿಕೊಂಡರೆ ಈ ತಲೆನೋವೇ ಇಲ್ಲ ಅನ್ನುವವರು ನಮ್ಮಲ್ಲಿ ಬಹಳ. ಜಿಎಸ್‌ಟಿ ಬಿಲ್ ಕೊಟ್ಟು ವ್ಯವಹಾರ ಮಾಡುವ ನನಗೆ ಅದು ಬೇಡವಾಗಿತ್ತು.

ಹಿನ್ನೆಲೆ ಗೊತ್ತಿರದವರಿಗೆ ಒಂದೆರಡು ಮಾತು. ಫೋಟೋಶಾಪ್, ಇಲಸ್ಟ್ರೇಟರ್ ಮಾಡುವ ಕಂಪನಿ ಅಡೋಬಿ. 2012ರಲ್ಲಿ ಬಂದ ಸಿಎಸ್6 ಆವೃತ್ತಿಯ ತನಕ ಅದರ ಸಾಫ್ಟ್‌ವೇರ್ ಒಮ್ಮೆ ಕೊಂಡರೆ ನಮ್ಮದೇ. 2013ರ ಮೇ ತಿಂಗಳಲ್ಲಿ ಕಂಪನಿ ಇನ್ನು ಮುಂದೆ ಹೊಸದೆಲ್ಲ ಚಂದಾದಲ್ಲೇ ಅಂತ ಸಾರಿತು. ಜಗತ್ತಿನ ತುಂಬ ಡಿಸೈನರ್‌ಗಳು ಕೂಗಾಡಿದರು, ಸಹಿ ಸಂಗ್ರಹಿಸಿದರು. ಆ ವರ್ಷ ಅಡೋಬಿಯ ಆದಾಯ 440 ಕೋಟಿ ಡಾಲರ್‌ನಿಂದ ಸುಮಾರು 405 ಕೋಟಿಗೆ ಇಳಿದಿದ್ದೂ ನಿಜ. ಆದರೆ 2024ರಲ್ಲಿ ಅದೇ ಕಂಪನಿಯ ಆದಾಯ 2,150 ಕೋಟಿ ಡಾಲರ್! ಬೈದವರಲ್ಲಿ ಬಹಳ ಜನ ಬೈಯುತ್ತಲೇ ಉಳಿದುಕೊಂಡರು ಅಂತಾಯ್ತು, ಅಲ್ವಾ? ಕೋರಲ್‌ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರ್ ಮಾಡುವ ಕೋರಲ್ ಕಂಪನಿ ಮಾತ್ರ ಚಂದಾ ತಂದಮೇಲೂ ಒಂದೇ ಸಲ ಕೊಳ್ಳುವ ದಾರಿಯನ್ನು ಮುಚ್ಚಲಿಲ್ಲ.

ನಮ್ಮ ಕಡೆ ಎಲ್ಲರೂ ಕೋರಲ್‌ಗೆ ಅಂಟಿಕೊಂಡವರು. ಯಾಕೆ ಅಂತ ಕೇಳಿದರೆ ‘ಅದು ಚಲೋ ಐತಿ’ ಅನ್ನುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ. ಚಂದಾ ಕಟ್ಟುವ ಮಾತು ಬಂದಾಗ ಕೂತು ಯೋಚಿಸಿದೆ. ನಮ್ಮನ್ನು ಹಿಡಿದಿಟ್ಟಿದ್ದು ಸಾಫ್ಟ್‌ವೇರ್‌ನ ಒಳ್ಳೆಯತನ ಅಷ್ಟೇ ಅಲ್ಲ. ಹಾರ್ಡ್‌ಡಿಸ್ಕ್ ತುಂಬ ತುಂಬಿರುವ ಹಳೆ ಫೈಲುಗಳು ಹಿಡಿದಿಟ್ಟಿವೆ. ‘ಹಿರಿ ಮಗಳ ಲಗ್ನಕ್ಕ ಮಾಡಿದ್ರೆಲ್ಲ, ಅದನ್ನ ಹೆಸರು ಬದಲಿ ಮಾಡಿ ಕೊಡ್ರಿ’ ಅಂತ ಬರುವ ಗಿರಾಕಿಯೇ ನಮ್ಮ ಬಂಡವಾಳ. ಆ ಫೈಲು ಕೋರಲ್‌ನದು. ಒಳಗಿನ ಅಕ್ಷರ ಶ್ರೀಲಿಪಿ, ಹಳೆ ನುಡಿಯಂಥ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನದು. ಎಲ್ಲ ಕಂಪ್ಯೂಟರ್‌ಗೂ ಓದಲು ಬರುವ ಯೂನಿಕೋಡ್ ಅಲ್ಲ.

ಇಂಕ್‌ಸ್ಕೇಪ್ ಅನ್ನುವ ಉಚಿತ ಸಾಫ್ಟ್‌ವೇರ್ ಕೋರಲ್ ಫೈಲನ್ನು ತೆರೆಯುತ್ತದೆ. ಒಂದು ಹಳೆ ಲಗ್ನಪತ್ರಿಕೆ ತೆರೆದು ನೋಡಿದೆ. ಗಣಪತಿ, ಬಾಳೆಕಂಬ, ಸುತ್ತಲಿನ ಬಳ್ಳಿ ಎಲ್ಲಾ ಸರಿಯಾಗಿ ಬಂತು. ‘ಚಿ. ಸೌ.’ ಇರಬೇಕಾದ ಕಡೆ ಮಾತ್ರ ಕೊಂಬು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ. ಪರಿವರ್ತಕಕ್ಕೆ ಹಾಕಿ ಯೂನಿಕೋಡ್ ಮಾಡಬಹುದು. ಆದರೆ ಮಾಡಿದ ಮೇಲೆ ‘ಸೂರ್ಯ’, ‘ಕಾರ್ಯಾಲಯ’ದಂಥ ಅರ್ಕಾವತ್ತಿನ ಪದಗಳನ್ನು ಒಂದೊಂದಾಗಿ ಓದಲೇಬೇಕು. ಲಗ್ನಪತ್ರಿಕೆಯಲ್ಲಿ ಬೀಗರ ಹೆಸರು ತಪ್ಪಾದರೆ ಅಂಗಡಿಯ ಮರ್ಯಾದೆ ಹೋಯಿತು ಅಂತಲೇ ಲೆಕ್ಕ.

ಪ್ರೆಸ್‌ನವರದು ಇನ್ನೊಂದು ಕಥೆ. ಹೊಸ ಕೋರಲ್‌ನಲ್ಲಿ ಮಾಡಿದ ಫೈಲು ಹಳೆ ಕೋರಲ್‌ನಲ್ಲಿ ತೆರೆಯೋದಿಲ್ಲ. ಹಾಗಾಗಿ ‘ವರ್ಷನ್ ಇಳಿಸಿ ಕಳಸ್ರಿ ಸರ’ ಅನ್ನುವ ಫೋನು ದಿನಾ ಬರುತ್ತಿತ್ತು. ಹೊಸ ವರ್ಷನ್‌ಗೆ ದುಡ್ಡು ಕೊಟ್ಟು, ಆಮೇಲೆ ಫೈಲನ್ನು ಹಳೆ ವರ್ಷನ್‌ಗೆ ಇಳಿಸಿ ಕಳಿಸುವುದು ಎಂಥ ವ್ಯಾಪಾರ?

ಇಷ್ಟು ಗೊತ್ತಾದ ಮೇಲೆ ಬಿಲ್ ಪುಸ್ತಕ ತೆಗೆದೆ. ಹಿಂದಿನ ವರ್ಷದ ಒಂದೊಂದು ಕೆಲಸದ ಪಕ್ಕ ಪೆನ್ಸಿಲ್‌ನಿಂದ ಗುರುತು ಹಾಕುತ್ತ ಹೋದೆ. ಕೋರಲ್ ಬೇಕೇಬೇಕು ಅನ್ನುವುದಕ್ಕೆ ‘ಕೋ’, ಫೋಟೋಶಾಪ್ ಬೇಕೇಬೇಕು ಅನ್ನುವುದಕ್ಕೆ ‘ಫೋ’, ಯಾವುದರಲ್ಲಾದರೂ ಆಗುತ್ತದೆ ಅನ್ನುವುದಕ್ಕೆ ‘ಯಾ’. ಪುಟ ತಿರುವಿದಷ್ಟೂ ‘ಯಾ’ಗಳೇ. ಬಿಲ್ ಬುಕ್, ಲೆಟರ್‌ಹೆಡ್, ವಿಸಿಟಿಂಗ್ ಕಾರ್ಡ್, ಹ್ಯಾಂಡ್‌ಬಿಲ್ ಎಲ್ಲಾ ಅದರಲ್ಲೇ. ‘ಕೋ’ ಬಿದ್ದಿದ್ದು ಹಳೆ ಫೈಲಿನ ಮರುಮುದ್ರಣಕ್ಕೆ, ಸ್ಟಿಕರ್ ಕಟಿಂಗ್ ಪ್ಲಾಟರ್‌ಗೆ. ‘ಫೋ’ ಬಿದ್ದಿದ್ದು ಲಗ್ನದ ಸೀಸನ್ನಿಗೆ, ಜಾತ್ರೆಗೆ, ಮತ್ತೆ ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸ್‌ಗಳಿಗೆ. (ಈ ಫ್ಲೆಕ್ಸ್‌ಗಳಲ್ಲಿ ಒಬ್ಬರ ತಲೆ ಇನ್ನೊಬ್ಬರ ತಲೆಗಿಂತ ಎಷ್ಟು ದೊಡ್ಡದಿರಬೇಕು ಅನ್ನುವುದರ ಮೇಲೆ ಆಗುವಷ್ಟು ಚರ್ಚೆ ಬಣ್ಣದ ಮೇಲೆ ಎಂದೂ ಆಗಿಲ್ಲ.) ಇಲಸ್ಟ್ರೇಟರ್ ನನಗೆ ಬೇಕಾಗಿಯೇ ಇರಲಿಲ್ಲ. ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬರುವ ಅದರ ಫೈಲುಗಳ ಒಳಗೆ ಸಾಮಾನ್ಯವಾಗಿ ಪಿಡಿಎಫ್ ಇರುತ್ತದೆ, ಬೇರೆ ಸಾಫ್ಟ್‌ವೇರ್‌ನಲ್ಲೂ ತೆರೆಯುತ್ತವೆ.

ಆ ಗುರುತುಗಳ ಮೇಲೆಯೇ ವ್ಯವಸ್ಥೆ ಮಾಡಿಕೊಂಡೆ. ಒಂದು ಕಂಪ್ಯೂಟರ್‌ನಲ್ಲಿ ಒಂದೇ ಸಲ ದುಡ್ಡು ಕೊಟ್ಟು ಕೊಂಡ ಕೋರಲ್. ಅದನ್ನು ಅಪ್‌ಗ್ರೇಡ್ ಮಾಡುವ ಗೋಜಿಗೆ ಹೋಗಿಲ್ಲ. ಶ್ರೀಲಿಪಿಯೂ ಅದರಲ್ಲೇ ಇದೆ. ಫೋಟೋಶಾಪ್‌ಗೆ ಚಂದಾ, ಅದೂ ಬೇಕಾದ ತಿಂಗಳು ಮಾತ್ರ. ಉಳಿದಿದ್ದಕ್ಕೆಲ್ಲ ಇಂಕ್‌ಸ್ಕೇಪ್ ಮತ್ತು ಪುಟ ಜೋಡಿಸುವ ಉಚಿತ ಸಾಫ್ಟ್‌ವೇರ್ ಸ್ಕ್ರೈಬಸ್.

ಚಂದಾದ ಷರತ್ತು ಇಲ್ಲಿ ಬಿಡಿಸಿ ಹೇಳಲೇಬೇಕು. ಅಡೋಬಿಯಲ್ಲಿ ತಿಂಗಳಿಗೆ ಕಡಿಮೆ ಅಂತ ಕಾಣುವ ದರ ಬಹಳ ಸಲ ವರ್ಷದ ಒಪ್ಪಂದದ್ದು. ಕಂತು ಮಾತ್ರ ತಿಂಗಳಿಗೊಮ್ಮೆ. ಮೊದಲ 14 ದಿನ ದಾಟಿದ ಮೇಲೆ ಬಿಟ್ಟರೆ ಉಳಿದ ಕಂತುಗಳ ಅರ್ಧದಷ್ಟು ದಂಡ ಕಟ್ಟಬೇಕು. ಇದನ್ನು ಗ್ರಾಹಕರಿಗೆ ಸರಿಯಾಗಿ ತಿಳಿಸಿಲ್ಲ ಅಂತ 2024ರ ಜೂನ್‌ನಲ್ಲಿ ಅಮೆರಿಕ ಸರ್ಕಾರವೇ ಆ ಕಂಪನಿಯ ಮೇಲೆ ಕೇಸು ಹಾಕಿತು. ನಾನು ಆರಿಸಿದ್ದು ನಿಜವಾದ ತಿಂಗಳ ಪ್ಲಾನ್. ತಿಂಗಳಿಗೆ ಲೆಕ್ಕ ಹಾಕಿದರೆ ಅದು ದುಬಾರಿ. ಆದರೆ ವರ್ಷದಲ್ಲಿ ಅರ್ಧಕ್ಕಿಂತ ಕಡಿಮೆ ತಿಂಗಳು ಸಾಕು ಅನ್ನುವವರಿಗೆ ಇದೇ ಅಗ್ಗ ಬೀಳುತ್ತದೆ. ಬೇಡವಾದಾಗ ಮರೆತು ಕೂರುವ ಭಯ ಈಗ ಅಷ್ಟಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ ಕಾರ್ಡಿನಿಂದ ಹಣ ಕಡಿತವಾಗುವ 24 ತಾಸು ಮೊದಲೇ ಮೆಸೇಜು ಬರುತ್ತದೆ. ಆ ಮೆಸೇಜು ಬಂದ ದಿನವೇ ಇಡಬೇಕೋ ಬಿಡಬೇಕೋ ಅಂತ ತೀರ್ಮಾನ.

ಚಂದಾ ನಿಲ್ಲಿಸುವ ಮುಂಚೆ ಒಂದು ಕೆಲಸ ತಪ್ಪದೆ ಮಾಡುತ್ತೇವೆ. ಆ ತಿಂಗಳ ಎಲ್ಲಾ ಫೋಟೋಶಾಪ್ ಫೈಲಿಗೂ ಒಂದು ಟಿಫ್, ಒಂದು ಪಿಡಿಎಫ್ ಪ್ರತಿ ಮಾಡಿ ಗಿರಾಕಿಯ ಹೆಸರಿನ ಫೋಲ್ಡರ್‌ಗೆ ಹಾಕುತ್ತೇವೆ. ಲೇಯರ್ ಇರುವ ಮೂಲ ಫೈಲು ಗಿಂಪ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ತೆರೆಯುತ್ತದೆ. ಆದರೆ ಎಫೆಕ್ಟ್‌ಗಳು ಹಾಗ್‌ಹಾಗೇ ಬರುತ್ತವೆ ಅನ್ನೋ ನೆಚ್ಚಿಕೆ ಬೇಡ.

ಬೆರಳಿನ ಅಭ್ಯಾಸ ಬಿಡಿಸುವುದೇ ಎಲ್ಲಕ್ಕಿಂತ ಕಷ್ಟ. ಕೋರಲ್‌ನಲ್ಲಿ ಅಕ್ಷರ ಕರ್ವ್ ಮಾಡಲು, ಅಂದರೆ ಫಾಂಟ್ ಬೇಕಿಲ್ಲದ ಹಾಗೆ ಅಕ್ಷರವನ್ನು ಚಿತ್ರವಾಗಿಸಲು, ಕಂಟ್ರೋಲ್ ಕ್ಯೂ ಒತ್ತುತ್ತೇವೆ. ಇಂಕ್‌ಸ್ಕೇಪ್‌ನಲ್ಲಿ ಅದನ್ನೇ ಒತ್ತಿದರೆ ಸಾಫ್ಟ್‌ವೇರೇ ಮುಚ್ಚಲು ಹೊರಡುತ್ತದೆ! ನಮ್ಮ ಹುಡುಗ ಮೊದಲ ವಾರ ‘ಇದು ಬ್ಯಾಡ ಬಿಡ್ರಿ ಅಣ್ಣಾರ’ ಅಂತ ಗೊಣಗುತ್ತಲೇ ಇದ್ದ. ಇಂಕ್‌ಸ್ಕೇಪ್‌ನ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಕೋರಲ್ ಶಾರ್ಟ್‌ಕಟ್‌ಗಳ ಸಿದ್ಧ ಪಟ್ಟಿ ಇದೆ. ಅದನ್ನು ಹಾಕಿಕೊಟ್ಟ ಮೇಲೆ ಗೊಣಗಾಟ ಕಡಿಮೆಯಾಯಿತು.

ಇಂಕ್‌ಸ್ಕೇಪ್‌ನಿಂದ ನೇರ ಆಫ್‌ಸೆಟ್ ಮುದ್ರಣಕ್ಕೆ ಕಳಿಸಬೇಡಿ. ಅದು ಕೆಲಸ ಮಾಡುವುದು ಸ್ಕ್ರೀನಿನ ಬಣ್ಣದಲ್ಲಿ, ಅಂದರೆ ಆರ್‌ಜಿಬಿಯಲ್ಲಿ. ಅಲ್ಲಿನ ಕಪ್ಪು ಅಕ್ಷರವನ್ನು ಪ್ರಿಂಟಿಂಗ್ ಬಣ್ಣಕ್ಕೆ ಬದಲಿಸಿದಾಗ ಅದು ಬಣ್ಣಕ್ಕೊಂದರಂತೆ ಇರುವ ನಾಲ್ಕೂ ಪ್ಲೇಟಿನಲ್ಲಿ ಬಂದು ಕೂರುತ್ತದೆ. ಪ್ಲೇಟು ಕೂದಲೆಳೆಯಷ್ಟು ಸರಿದರೂ ಸಣ್ಣ ಅಕ್ಷರದ ಸುತ್ತ ಕೆಂಪು, ನೀಲಿ ಅಂಚು ಕಾಣುತ್ತದೆ. ಅದಕ್ಕೇ ಚಿತ್ರ, ಬಾರ್ಡರ್ ಇಂಕ್‌ಸ್ಕೇಪ್‌ನಲ್ಲಿ ಮಾಡಿ, ಅಕ್ಷರವನ್ನು ಸ್ಕ್ರೈಬಸ್‌ನಲ್ಲಿ ಕೂರಿಸುತ್ತೇನೆ. ಕಪ್ಪು ಅಂದರೆ ಅಲ್ಲಿ ಕಪ್ಪು ಮಾತ್ರ ನೂರು, ಉಳಿದ ಮೂರೂ ಸೊನ್ನೆ. 2024ರ ಜನವರಿಯಲ್ಲಿ ಬಂದ ಸ್ಕ್ರೈಬಸ್ 1.6ರಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಫಾಂಟ್‌ಗೆ ನೋಟೋ, ಬಾಲೂ ತಮ್ಮ, ನವಿಲು ಇವೆ, ಎಲ್ಲಾ ಉಚಿತ. ಲಗ್ನಪತ್ರಿಕೆಯ ತಲೆಬರಹಕ್ಕೆ ಬೇಕಾದ ಅಲಂಕಾರದ ಅಕ್ಷರ ಮಾತ್ರ ಇವುಗಳಲ್ಲಿ ಸಾಲದು. ಅದಕ್ಕೆ ಇವತ್ತಿಗೂ ಶ್ರೀಲಿಪಿ. ಆ ಸಾಲನ್ನು ಕೋರಲ್‌ನಲ್ಲಿ ಬರೆದು ಕರ್ವ್ ಮಾಡಿ ತಂದುಕೊಳ್ಳುತ್ತೇನೆ.

ಹೊಸದಾಗಿ ಬರುವ ಹುಡುಗರಿಗೆ ಈ ಕೋರಲ್ ಪ್ರೀತಿ ಅರ್ಥವಾಗುವುದಿಲ್ಲ. ಅವರು ಕ್ಯಾನ್ವಾ ಅನ್ನುವ ಡಿಸೈನ್ ಆ್ಯಪ್ ಮೇಲೆ ಬೆಳೆದವರು. ಗಿರಾಕಿಗಳೂ ಮೊಬೈಲ್‌ನಲ್ಲಿ ಕ್ಯಾನ್ವಾ ಡಿಸೈನ್ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ. ‘ಪ್ರಿಂಟ್ ಅಷ್ಟ ತಗೀರಿ’ ಅನ್ನುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಬಂದಿದ್ದು ಸಣ್ಣದಾಗಿರುತ್ತದೆ, ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಕೌಂಟರ್ ಮುಂದೆ ಚೀಟಿ ಅಂಟಿಸಿದ್ದೇನೆ. ಅಫಿನಿಟಿ ಅನ್ನುವ ಡಿಸೈನ್ ಸಾಫ್ಟ್‌ವೇರನ್ನು 2024ರಲ್ಲಿ ಕೊಂಡ ಕ್ಯಾನ್ವಾ ಕಂಪನಿ 2025ರ ಅಕ್ಟೋಬರ್‌ನಲ್ಲಿ ಅದನ್ನು ಉಚಿತ ಮಾಡಿತು. ಎಐ ಸೌಲಭ್ಯ ಬೇಕಾದವರಿಗೆ ಮಾತ್ರ ಚಂದಾ. ನಾನೂ ಹಾಕಿಕೊಂಡಿದ್ದೇನೆ, ಫೋಟೋ ತಿದ್ದಲು ಚೆನ್ನಾಗಿದೆ. ಅದರ ಹಳೆ ಆವೃತ್ತಿಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ಬರುತ್ತಿತ್ತು. ಹಾಗಾಗಿ ಕನ್ನಡವನ್ನು ಈಗಲೂ ಹೊರಗಡೆಯೇ ಕರ್ವ್ ಮಾಡಿ ಅದರೊಳಗೆ ತರುತ್ತೇನೆ.

ಉಳಿದಿದ್ದು ಈ ಖರ್ಚು ಯಾರ ತಲೆಗೆ ಅನ್ನೋದು. ಮೊದಲು ಎಲ್ಲವನ್ನೂ ಡಿಸೈನ್ ಚಾರ್ಜ್‌ನಲ್ಲೇ ಸೇರಿಸುತ್ತಿದ್ದೆ. ಈಗ ಬಿಲ್ಲಿನಲ್ಲಿ ‘ಫೋಟೋ ಎಡಿಟಿಂಗ್’ ಅಂತ ಬೇರೆ ಸಾಲು ಇದೆ, ಫೋಟೋ ಕೆಲಸ ಇದ್ದವರಿಗೆ ಮಾತ್ರ. ಹಳೆ ಗಿರಾಕಿಗಳು ‘ಇದೇನ್ರೀ ಹೊಸಾದು?’ ಅಂದರು. ಹಿನ್ನೆಲೆ ತೆಗೆದ ಫೋಟೋ, ತೆಗೆಯದ ಫೋಟೋ ಎರಡನ್ನೂ ಪಕ್ಕಪಕ್ಕ ತೋರಿಸಿದೆ. ಬಹಳ ಮಂದಿ ಕೊಟ್ಟರು. ಕೊಡದವರ ಫ್ಲೆಕ್ಸ್‌ನಲ್ಲಿ ಹಿಂದಿನ ಗೋಡೆ, ಕ್ಯಾಲೆಂಡರ್ ಸಮೇತ ಫೋಟೋ ಹೋಗುತ್ತದೆ.