ಪ್ಯಾಡ್ ಎಣಿಸಿ, ರಕ್ತದ ಟ್ಯೂಬನ್ನು ಐಸಿನಲ್ಲಿಡಬೇಡಿ

ರಕ್ತ ಹೆಪ್ಪುಗಟ್ಟಲು ಬೇಕಾದ ‘ವಾನ್ ವಿಲ್ಲೆಬ್ರಾಂಡ್ ಅಂಶ’ ಎಂಬ ಪ್ರೋಟೀನ್ ಕಡಿಮೆಯಿದ್ದರೆ ಅಥವಾ ಸರಿಯಾಗಿ ಕೆಲಸ ಮಾಡದಿದ್ದರೆ ರಕ್ತ ಬೇಗ ನಿಲ್ಲುವುದಿಲ್ಲ. ಅದೇ ವಾನ್ ವಿಲ್ಲೆಬ್ರಾಂಡ್ ಕಾಯಿಲೆ, ಇದು ಗಂಡಸರಿಗೂ ಬರುತ್ತದೆ. ಆದರೆ ತಿಂಗಳು ತಿಂಗಳು ರಕ್ತ ಹೋಗುವುದು, ಹೆರುವುದು ಹೆಂಗಸರು. ಹೆಚ್ಚು ನರಳುವವರೂ ಅವರೇ. ಇದರ ಮೂರು ಬಗೆಗಳಲ್ಲಿ ಮೂರನೆಯದು ತೀರ ಅಪರೂಪ, ಅತ್ಯಂತ ತೀವ್ರ. ಕೆಟ್ಟ ಜೀನ್ ತಂದೆ ತಾಯಿ ಇಬ್ಬರಿಂದಲೂ ಬಂದರೆ ಮಾತ್ರ ಕಾಣಿಸಿಕೊಳ್ಳುತ್ತದೆ. ಸಂಬಂಧದಲ್ಲೇ ಮದುವೆಯಾದರೆ ಹೀಗಾಗುವುದು ಹೆಚ್ಚು. ಹಾಗಾಗಿ ಮುಂಬೈ ಪಕ್ಕದ ಡೊಂಬಿವಲಿಯ ಕನ್ನಡ ಮನೆಗಳಲ್ಲಿ ನಾನು ಮೊದಲು ಕೇಳುವುದು, ‘ನಿಮ್ಮವ್ವನನ್ನು ಸೋದರಮಾವನಿಗೋ ಅತ್ತೆ ಮಗನಿಗೋ ಕೊಟ್ಟಿದ್ದರಾ?’

ಮುಟ್ಟಿನಲ್ಲಿ ರಕ್ತ ಎಷ್ಟು ಹೋಗುತ್ತದೆ ಎಂದು ಕೇಳಿದರೆ ‘ನಮ್ಮವ್ವಗೂ ಹಿಂಗೇ ಇತ್ತು’ ಎನ್ನುತ್ತಾರೆ. ಸಮಾಧಾನಕ್ಕೆ ಹೇಳುವ ಆ ಮಾತೇ ಸುಳಿವು, ಏಕೆಂದರೆ ಮೊದಲ ಬಗೆಗೆ ಕೆಟ್ಟ ಜೀನ್ ತಂದೆ ತಾಯಿಯಲ್ಲಿ ಒಬ್ಬರಿಂದ ಬಂದರೂ ಸಾಕು. ಆಮೇಲೆ ಲೆಕ್ಕ ಬರೆಸುತ್ತೇನೆ: ಸ್ವಲ್ಪ ಕಲೆಯಾದ ಪ್ಯಾಡಿಗೆ 1, ಅರ್ಧ ನೆನೆದದ್ದಕ್ಕೆ 5, ಪೂರ್ತಿ ತೊಯ್ದದ್ದಕ್ಕೆ 20, ಸಣ್ಣ ಹೆಪ್ಪಿಗೆ 1, ದೊಡ್ಡದಕ್ಕೆ 5. ಒಂದು ಮುಟ್ಟಿನಲ್ಲಿ 100 ದಾಟಿದರೆ ಹೋದ ರಕ್ತ ಸುಮಾರು 80 ಮಿ.ಲೀ. ಮೀರಿದೆ, ಅತಿಯಾಗಿದೆ ಎಂದರ್ಥ. ಬಟ್ಟೆಗೆ ಈ ಅಂಕ ಹೊಂದದು. ಆ ತಿಂಗಳು ಪ್ಯಾಡನ್ನೇ ಬಳಸಬೇಕು. ರಾತ್ರಿಯ ದೊಡ್ಡ ಪ್ಯಾಡ್ ಪೂರ್ತಿ ತೊಯ್ಯುವುದಿಲ್ಲ, ಅಂಕ ಕಡಿಮೆ ತೋರಿಸುತ್ತದೆ.

ಎಡವಟ್ಟಾಗುವುದು ವಾನ್ ವಿಲ್ಲೆಬ್ರಾಂಡ್ ಅಂಶವನ್ನು ಅಳೆಯುವ ರಕ್ತ ಪರೀಕ್ಷೆಯಲ್ಲಿ. ಇಂಥ ವಿಶೇಷ ಪರೀಕ್ಷೆಗಳಿಗೆ ಪರೇಲಿನ ಕೆಇಎಂ ಆಸ್ಪತ್ರೆ ಆವರಣದಲ್ಲೇ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆ ಇದೆ. ಲೋಕಲ್ ಇಳಿದು ಓಡೋಡಿ ಬಂದವಳ ಕೈಗೆ ತಕ್ಷಣ ಸೂಜಿ ಚುಚ್ಚಬಾರದು: ದಣಿವು, ಗಾಬರಿ, ಜ್ವರ, ಬಸಿರು, ಹಾರ್ಮೋನ್ ಮಾತ್ರೆ ಎಲ್ಲವೂ ಈ ಅಂಶವನ್ನು ಏರಿಸಿ ಕಾಯಿಲೆಯನ್ನು ಮುಚ್ಚಿಬಿಡುತ್ತವೆ. ಅರ್ಧ ಗಂಟೆ ಕೂರಿಸಿ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬನ್ನು ಗೆರೆಯವರೆಗೂ ತುಂಬಿಸಿ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಇರಲೇಬೇಕು. ಮುಂಬೈ ಸೆಕೆಗೆ ಹೆದರಿ ಐಸಿನಲ್ಲಿಟ್ಟರೆ ಅಂಶ ಕುಸಿದು, ಇಲ್ಲದ ಕಾಯಿಲೆ ಇದೆ ಎಂದು ಬರುತ್ತದೆ. ಮಾಮೂಲಿ ಕೋಣೆಯ ತಾಪದಲ್ಲೇ, ನಾಲ್ಕು ಗಂಟೆಯೊಳಗೆ ಲ್ಯಾಬ್ ಮುಟ್ಟಬೇಕು. ಒಮ್ಮೆ ‘ನಾರ್ಮಲ್’ ಬಂದರೆ ಬಿಡಬೇಡಿ, ಮತ್ತೆ ಮಾಡಿಸಿ. ಜೊತೆಗೆ ಮೈಯ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ನೋಡಿಸಿ: ಹಿಮೋಗ್ಲೋಬಿನ್ ಸರಿಯಿದ್ದರೂ ಅದು ಮಿ.ಲೀ.ಗೆ 30 ನ್ಯಾನೋಗ್ರಾಂಗಿಂತ ಕೆಳಗಿದ್ದರೆ ಕಬ್ಬಿಣ ಬರಿದಾಗಿದೆ.

ಮುಟ್ಟಿನ ದಿನಗಳಿಗೆ ವೈದ್ಯರು ಸಾಮಾನ್ಯವಾಗಿ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಬರೆಯುತ್ತಾರೆ: 500 ಮಿ.ಗ್ರಾಂ.ನ ಎರಡು ಮಾತ್ರೆ, ದಿನಕ್ಕೆ ಮೂರು ಸಲ, ನಾಲ್ಕು ದಿನ. ಮೂತ್ರದಲ್ಲಿ ರಕ್ತ, ಕಿಡ್ನಿ ತೊಂದರೆ, ಹಿಂದೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದು ಇದ್ದರೆ ಮೊದಲೇ ಹೇಳಬೇಕು. ಇದಕ್ಕೇ ನೋವಿನ ಔಷಧಿ ಮೆಫೆನಾಮಿಕ್ ಆಸಿಡ್ ಬೆರೆಸಿದ ಮಾತ್ರೆಯೂ ಅಂಗಡಿಯಲ್ಲಿ ಸಿಗುತ್ತದೆ. ಆ ನೋವಿನ ಔಷಧಿ ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್ ಕಣಗಳ ಕೆಲಸ ತಡೆಯುತ್ತದೆ, ನಮ್ಮವರಿಗೆ ಬೇಡ. ನೋವಿಗೆ ಪ್ಯಾರಸಿಟಮಾಲ್. ಮಾತ್ರೆ ಪಟ್ಟಿಯ ಹಿಂಬದಿಯಲ್ಲಿರುವ ಔಷಧಿಯ ಹೆಸರನ್ನು ಓದಿಯೇ ತೆಗೆದುಕೊಳ್ಳುವುದನ್ನು ಕಲಿಸುತ್ತೇನೆ.

ಬಸಿರಿನಲ್ಲಿ ಮೊದಲ ಬಗೆಯವರಲ್ಲಿ ಈ ಅಂಶದ ಮಟ್ಟ ಸಾಮಾನ್ಯವಾಗಿ ತಾನಾಗಿ ಏರುತ್ತದೆ, ಮೂರನೆಯವರದು ಏರುವುದಿಲ್ಲ. ಕೊನೆಯ ಮೂರು ತಿಂಗಳಲ್ಲಿ ಅಳೆಸಿ ಹೆರಿಗೆಯ ಯೋಜನೆ ಬರೆಸಿ. ಏರಿದ್ದು ಹೆರಿಗೆಯಾದ ಒಂದರಿಂದ ಮೂರು ವಾರದಲ್ಲಿ ಇಳಿದುಬಿಡುತ್ತದೆ, ಆಗ ರಕ್ತ ಮತ್ತೆ ಹರಿಯಬಹುದು. ಅಷ್ಟೊತ್ತಿಗೆ ಬಾಣಂತಿ ಹುಬ್ಬಳ್ಳಿಯ ತವರಲ್ಲಿರುತ್ತಾಳೆ. ಆದ್ದರಿಂದ ಕಾಯಿಲೆಯ ಬಗೆ, ಮಟ್ಟ, ರಕ್ತದ ಗುಂಪು, ಕೊಡಬಾರದ ಔಷಧಿ, ಇಷ್ಟನ್ನೂ ಒಂದೇ ಹಾಳೆಯಲ್ಲಿ ಬರೆಸಿ, ಲ್ಯಾಮಿನೇಟ್ ಮಾಡಿಸಿ, ಊರಿನ ರೈಲು ಹತ್ತುವ ಮುಂಚೆ ಅವಳ ಚೀಲದಲ್ಲಿಡಿ. ಇನ್ನೊಂದು ಪ್ರತಿ ಅವಳ ಅವ್ವನ ಕೈಗೆ.